ಅಂದಾಜಿನ ವಿದ್ಯೆ

ಕೆಲವು ವರ್ಷಗಳ ಹಿಂದೆ ಮಹಿಳಾ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಫ್ಯಾಷನ್ ಡಿಸೈನರ್' ಎಂದು ಅಚ್ಚಾಗಿತ್ತು. ಭಾಷಣ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಿಮಗೆ ಹೊಸ ಹೊಸ ವಿನ್ಯಾಸಗಳು ಎಲ್ಲಿಂದ ಹೊಳೆಯುತ್ತವೆ?" ಎಂದು ಕೇಳಿದಳು. ಪ್ಯಾರಿಸ್ ಎನ್ನಬಹುದಿತ್ತು, ಪ್ರಕೃತಿ ಎನ್ನಬಹುದಿತ್ತು. ನಾನು "ಅಡುಗೆಮನೆಯಿಂದ" ಎಂದುಬಿಟ್ಟೆ. ಸಭೆ ಗೊಳ್ಳೆಂದು ನಕ್ಕಿತು. ತಮಾಷೆಗೆ ಹೇಳಿದೆನೆಂದುಕೊಂಡರು. ನಾನು ಹೇಳಿದ್ದು ನಿಜವೇ ಆಗಿತ್ತು. ಅಂದು ಆ ಹುಡುಗಿಗೆ ಕೊಡಲಾಗದ ವಿವರಣೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಬೆಂಗಳೂರಿನ ಮರ್ಫಿ ಟೌನಿನಲ್ಲಿ, ಹಲಸೂರಿನ ಪೂರ್ವದ ಅಂಚಿಗೆ. ಹೆಸರು ಕೇಳಿದವರಿಗೆ ಸಾಹೇಬರ ಬಂಗಲೆ, ಹೂತೋಟ, ಕುದುರೆಗಾಡಿ ಕಣ್ಣಮುಂದೆ ಬರಬಹುದು. ಅಂಥದ್ದೇನೂ ಅಲ್ಲ. ಮೈಸೂರು ಸಂಸ್ಥಾನದಿಂದ ಜಾಗ ಪಡೆದು ಇಂಗ್ಲಿಷರು ಹಲಸೂರಿನ ಸುತ್ತ ದಂಡು ಹೂಡಿದ್ದು 1809ರಲ್ಲಿ. ದಂಡು ಎಂದರೆ ಬರೀ ಸಿಪಾಯಿಗಳೇ? ಅವರ ಅಂಗಿ ಹೊಲಿಯಲು ದರ್ಜಿ, ಒಗೆಯಲು ಅಗಸ, ಬೂಟಿಗೆ ಮೋಚಿ, ಅಡುಗೆಗೆ ಬಟ್ಲರ್, ಮಕ್ಕಳನ್ನು ಆಡಿಸಲು ಆಯಾ, ಹೀಗೆ ಒಂದು ಊರೇ ಹಿಂದೆ ಬಂತು. ತಮಿಳು ಸೀಮೆಯಿಂದ ಬಂದವರು ಬಹಳ. 1881ರಲ್ಲಿ ರಾಜ್ಯ ಮೈಸೂರು ಅರಸರಿಗೆ ಮರಳಿದರೂ ದಂಡು ಮಾತ್ರ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ 1947ರವರೆಗೂ ಬ್ರಿಟಿಷರ ಆಡಳಿತದಲ್ಲೇ ಇತ್ತು.

1898ರ ಪ್ಲೇಗು ಬಂದು ಹೋದ ಮೇಲೆ ಗಾಳಿ ಬೆಳಕಿನ ಹೊಸ ಬಡಾವಣೆಗಳ ಮಾತು ಶುರುವಾಯಿತು. ಆ ಕಡೆ ಬಸವನಗುಡಿ, ಮಲ್ಲೇಶ್ವರ, ಈ ಕಡೆ ಫ್ರೇಜರ್ ಟೌನ್ ಎದ್ದವು. ಸ್ಥಿತಿವಂತರಿಗೆ ಮನೆಗಳಾದವು. ಅವರ ಬಟ್ಟೆ ಒಗೆಯುವವರಿಗೆ, ಬೀದಿ ಗುಡಿಸುವವರಿಗೆ? 1920ರ ದಶಕದಲ್ಲಿ ಸ್ಟೇಷನ್ನಿನ ಎಕ್ಸಿಕ್ಯುಟಿವ್ ಎಂಜಿನಿಯರ್ ಡಬ್ಲ್ಯು. ಎಚ್. ಮರ್ಫಿ ಎಂಬವರು ಬಡವರಿಗೆಂದೇ ಒಂದು ಬಡಾವಣೆಯ ನಕ್ಷೆ ಮಾಡಿದರು. ಅದಕ್ಕೆ ಮೊದಲಿದ್ದ ಹೆಸರು ನಾಕ್ಸ್‌ಪೇಟೆ. ಆಮೇಲೆ ನಕ್ಷೆ ಬರೆದವರ ಹೆಸರೇ ನಿಂತಿತು. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಚಿಕ್ಕ ಜಾಗದಲ್ಲಿ ಚೊಕ್ಕವಾಗಿ ಬಾಳುವುದು ಹೇಗೆ ಎನ್ನುವ ಪ್ರಶ್ನೆಯಿಂದಲೇ ನಮ್ಮ ಬಡಾವಣೆ ಹುಟ್ಟಿತು. ನಮ್ಮ ತಾಯಂದಿರು ಆ ಪ್ರಶ್ನೆಗೆ ದಿನವೂ ಉತ್ತರ ಬರೆಯುತ್ತಿದ್ದರು.

ನಮ್ಮದು ಒಂದು ನಡುಮನೆ, ಒಂದು ಅಡುಗೆಮನೆ. ಬೆಳಕು ಬರುತ್ತಿದ್ದದ್ದು ಬೀದಿ ಬಾಗಿಲಿನಿಂದ ಮಾತ್ರ. ಅಲ್ಲೇ ಅಮ್ಮನ ಹೊಲಿಗೆ ಮೆಷಿನ್ನು. ಕಂತಿನ ಮೇಲೆ ಕೊಂಡದ್ದು. ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಒಂದು ರವಿಕೆಯ ತೋಳು ಕೂಡುತ್ತಿತ್ತು. ಬೆಂದ ವಾಸನೆ ಬಂದೊಡನೆ ಪೆಡಲು ನಿಲ್ಲುತ್ತಿತ್ತು. ಅಮ್ಮನಿಗೆ ಗಡಿಯಾರ ಬೇಕಿರಲಿಲ್ಲ, ಟೇಪಂತೂ ಹೆಸರಿಗಷ್ಟೆ. ಹೊಲಿಸಲು ಬಂದವಳನ್ನು ತಲೆಯಿಂದ ಕಾಲವರೆಗೆ ಒಮ್ಮೆ ನೋಡಿ, "ಭುಜ ಸ್ವಲ್ಪ ಇಳಿಜಾರು, ಅಲ್ಲಿ ಅರ್ಧ ಬೆರಳು ಬಿಡಬೇಕು" ಎನ್ನುತ್ತಿದ್ದಳು. ಹಳೆಯ ದಿನಪತ್ರಿಕೆಯನ್ನು ಮಡಿಚಿ ಕತ್ತರಿ ಆಡಿಸಿದರೆ ಮಾದರಿ ಸಿದ್ಧ. ಸಾರಿಗೆ ಉಪ್ಪೆಷ್ಟು ಎಂದು ಕೇಳಿದರೂ ಅದೇ ಉತ್ತರ: "ಅಂದಾಜು."

ಈ 'ಅಂದಾಜು' ಎಂಬ ಪದವನ್ನು ನಾವು ಹಗುರವಾಗಿ ನೋಡುತ್ತೇವೆ. ಅಮೆರಿಕದಲ್ಲಿ ಎಬನೇಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರಲು ತೊಡಗಿ ಹೆಸರಾದ. ಮನೆಯಲ್ಲಿ ಹೊಲಿಯುವ ಹೆಂಗಸರಿಗೆ ಅಳತೆಗೆ ತಕ್ಕ ಮಾದರಿ ಬೇಕೆಂದು ಅವನಿಗೆ ಹೊಳೆಯಿಸಿದ್ದು ಹೆಂಡತಿ ಎಲೆನ್ ಎಂದು ಹೇಳುತ್ತಾರೆ. ಅದೇ ದೇಶದ ಫ್ಯಾನಿ ಫಾರ್ಮರ್ ಎಂಬಾಕೆ 1896ರಲ್ಲಿ ತಂದ ಅಡುಗೆ ಪುಸ್ತಕದಲ್ಲಿ ಲೋಟ, ಚಮಚಗಳನ್ನು ಮಟ್ಟಸವಾಗಿ ತುಂಬಿ ಅಳೆಯುವುದನ್ನು ಕಲಿಸಿದಳು. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಹೆಂಗಸರ ಕೈಯೊಳಗಿದ್ದ ಅಂದಾಜನ್ನು ಕಾಗದಕ್ಕೆ ಇಳಿಸಿದರು. ಕಾಗದಕ್ಕೆ ಇಳಿದ ಮೇಲೆ ಅದಕ್ಕೆ ಶಾಸ್ತ್ರದ ಮರ್ಯಾದೆ ಬಂತು, ಬೆಲೆಯೂ ಬಂತು. ಕೈಯಲ್ಲೇ ಉಳಿದದ್ದಕ್ಕೆ ಬರಲಿಲ್ಲ.

ಇನ್ನು ಹೊಸತನದ ಮಾತು. ಅದು ಹುಟ್ಟುವುದು ಸಮೃದ್ಧಿಯಲ್ಲಿ ಎಂದು ನನಗೆ ಎಂದೂ ಅನ್ನಿಸಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು ನಮ್ಮ ಲಾಲ್‌ಬಾಗ್ ಬಳಿಯ ಎಂ.ಟಿ.ಆರ್.ನವರು ಹೇಳುತ್ತಾರೆ. ಅದೇ ಯುದ್ಧದಲ್ಲಿ ಇಂಗ್ಲೆಂಡಿನಲ್ಲಿ 1941ರಿಂದ ಬಟ್ಟೆಗೂ ರೇಷನ್ ಬಂತು. ಇದ್ದುದನ್ನೇ ಹೊಂದಿಸಿ, ಹರಿದದ್ದನ್ನು ಹೊಲಿದು ಉಡಿ ಎಂದು ಸರ್ಕಾರವೇ ಪ್ರಚಾರ ಮಾಡಿ ಹೆಂಗಸರಿಗೆ ಪಾಠ ಹೇಳಿತು. ನಮ್ಮ ಅಜ್ಜಿಯರು ಕೇಳಿದ್ದರೆ ನಗುತ್ತಿದ್ದರು. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವ ಹಾಗೆ ಅಮ್ಮನ ಸವೆದ ಸೀರೆ ನನ್ನ ಲಂಗವಾಗಿ, ಆಮೇಲೆ ತಂಗಿಯ ಜುಬ್ಬವಾಗಿ, ಕೊನೆಗೆ ದಿಂಬಿನ ಚೀಲವಾಗುತ್ತಿತ್ತು.

ಉತ್ತರ ಕರ್ನಾಟಕದ ಕೌದಿಯನ್ನು ನೋಡಿ. ಹಳೆಯ ಸೀರೆಗಳ ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ ಸಾವಿರಾರು ಹೊಲಿಗೆ ಹಾಕುತ್ತಾರೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಯಾವ ಶಾಲೆಯೂ ಆ ಹೆಂಗಸರಿಗೆ ಕಲಿಸಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಕೌದಿಯ ಮೂಲೆಗಳಿಗೆ ಹೂವೆಂದು ಚಿಕ್ಕ ಬಟ್ಟೆಯ ತುಣುಕುಗಳನ್ನು ಹೊಲಿಯದೆ ಅದು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಮುಗಿಸುವಾಗ ಒಳಗೆ ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿಯುವವರೂ ಅವರಲ್ಲಿದ್ದಾರೆ, ಹೊದೆಯುವವರ ಬಾಳು ತುಂಬಿರಲಿ ಎಂದು. ಬಟ್ಟೆಗೂ ಅನ್ನಕ್ಕೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಗೆ ಹೇಳಲಿ?

ಮತ್ತೆ ನಮ್ಮ ಬೀದಿಗೆ ಬರೋಣ. ಅಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಮಾತೂ ಇತ್ತು, ಎಲ್ಲ ಮಾತಿನ ಸಾರೂ ಇತ್ತು. ಎಡಮನೆಯ ಪುಳಿಕುಳಂಬು ನಮ್ಮ ಮನೆಗೆ ಬಂದರೆ ನಮ್ಮ ಮುದ್ದೆ-ಬಸ್ಸಾರು ಬಲಮನೆಗೆ ಹೋಗುತ್ತಿತ್ತು. ತಿರುವಿನ ಮನೆಯ ಆಂಗ್ಲೋ ಇಂಡಿಯನ್ ಅಜ್ಜಿ ಭಾನುವಾರ ತೆಂಗಿನಹಾಲಿನ ಹಳದಿ ಅನ್ನ, ಕೈಮಾ ಉಂಡೆಯ ಸಾರು ಮಾಡುತ್ತಿದ್ದರು. ತಮಿಳಿನ ಮಿಳಗು ತಣ್ಣಿ ಎಂಬ ಮೆಣಸಿನ ಸಾರು ದೊರೆಗಳ ಬಾಯಲ್ಲಿ 'ಮಲ್ಲಿಗಟಾನಿ' ಸೂಪಾದದ್ದು ಇಂಥದ್ದೇ ಕೊಡುಕೊಳ್ಳುವಿಕೆಯಿಂದ ತಾನೆ? ಗೋಡೆಯಾಚೆಯಿಂದ "ಹುಣಿಸೆ ಎಷ್ಟು ಹಾಕಿದಿರಿ?" ಎಂದರೆ ಬಚ್ಚಿಡುವವರಿರಲಿಲ್ಲ. ಅಮ್ಮನ ರವಿಕೆಯ ಕತ್ತಿನ ಮಾದರಿಯೂ ಹಾಗೆಯೇ. ಕೇಳಿದವರಿಗೆಲ್ಲ ದಿನಪತ್ರಿಕೆಯಲ್ಲಿ ಕತ್ತರಿಸಿ ಕೊಡುತ್ತಿದ್ದಳು. ಬದಲಿಗೆ ಒಂದು ಬಟ್ಟಲು ಪಾಯಸವೋ, ಜ್ವರ ಬಂದಾಗ ಒಂದು ಹೊತ್ತಿನ ಗಂಜಿಯೋ ಬರುತ್ತಿತ್ತು.

ಒಂದು ದೀಪಾವಳಿಗೆ ಅಮ್ಮ ಕರ್ಜಿಕಾಯಿಯ ಅಂಚನ್ನು ಬೆರಳಿನಿಂದ ತಿರುವಿ ಮುಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ತೊಳೆದು ಬಂದು, ಚೂರು ರೇಷ್ಮೆ ಪಟ್ಟಿಯನ್ನು ಅದೇ ರೀತಿ ತಿರುವುತ್ತ ನನ್ನ ಫ್ರಾಕಿನ ಕತ್ತಿಗೆ ಹೊಲಿದಳು. ಬೀದಿಗೆ ಬೀದಿಯೇ ಮೆಚ್ಚಿತು. ಆಗ ಅಮ್ಮ ದೊಡ್ಡ ಅಂಗಡಿಯೊಂದಕ್ಕೆ ತುಂಡಿಗಿಷ್ಟು ಎಂದು ಮಕ್ಕಳ ಬಟ್ಟೆ ಹೊಲಿದು ಕೊಡುತ್ತಿದ್ದಳು. ಅವರೂ ಅದನ್ನು ನೋಡಿ ಹಾಗೇ ಹೊಲಿದು ಕೊಡು ಎಂದರು. ಹಬ್ಬದ ಮುಂದೆ ಆ ಫ್ರಾಕುಗಳು ಗಾಜಿನ ಹಿಂದೆ 'ಹೊಸ ಫ್ಯಾಷನ್' ಎಂಬ ಚೀಟಿ ಹೊತ್ತು ನಿಂತವು. ಚೀಟಿಯ ಮೇಲಿನ ಬೆಲೆಗೂ ಅಮ್ಮನ ಕೈಗೆ ಬಂದದ್ದಕ್ಕೂ ಏನೂ ಸಂಬಂಧವಿರಲಿಲ್ಲ. ತಿರುವುವ ಕೆಲಸಕ್ಕೆ ಹಿಡಿದ ಹೆಚ್ಚಿನ ಹೊತ್ತಿಗೆ ಒಂದು ಪೈಸೆಯನ್ನೂ ಸೇರಿಸಿರಲಿಲ್ಲ. ನಾನು ಸಿಟ್ಟಾದೆ. ಅಮ್ಮ ನಕ್ಕು, "ಕರ್ಜಿಕಾಯಿ ಮಡಿಕೆ ನನ್ನದೇನಲ್ಲವಲ್ಲೇ, ನಮ್ಮಮ್ಮನದು" ಎಂದಳು.

ಆ ನಗು ಎಷ್ಟೋ ವರ್ಷ ನನ್ನನ್ನು ಕಾಡಿದೆ. ಅವಳ ಮಾತು ಸರಿ. ಮಡಿಕೆ ಯಾರೊಬ್ಬರದೂ ಅಲ್ಲ. ಆದರೆ ಆ ಹೊತ್ತು ಅವಳದಲ್ಲವೆ? ಸೊಂಟನೋವು ಅವಳದಲ್ಲವೆ? ನೆರೆಯವರಿಗೆ ಕೊಟ್ಟದ್ದು ಸುತ್ತಿ ಬಂದು ನಮ್ಮ ಮನೆಯ ಬಟ್ಟಲಿಗೇ ಬೀಳುತ್ತಿತ್ತು. ಅಂಗಡಿಗೆ ಕೊಟ್ಟದ್ದು ತಿರುಗಿ ಬರಲಿಲ್ಲ.

ಈ ಗೊಂದಲಕ್ಕೆ ನನಗೆ ಒಂದು ದಾರಿ ಕಂಡದ್ದು ನಮ್ಮ ಬೆಂಗಳೂರಿನಲ್ಲೇ. ಮರ್ಫಿ ಟೌನಿಗೆ ಬಹಳ ದೂರವಲ್ಲದ ವಿಕ್ಟೋರಿಯಾ ಲೇಔಟಿನಲ್ಲಿ 'ವಿಮೋರ್' ಇದೆ. ಚಿಮ್ಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ಆರಂಭಿಸಿದ ಸೀರೆಯ ಮನೆ. ಹಳೆಯ ಸೀರೆಗಳ ಅಂಚು, ಸೆರಗು, ಬುಟ್ಟಗಳನ್ನು ಅಭ್ಯಾಸ ಮಾಡಿ ಕೈಮಗ್ಗದ ನೇಕಾರರೊಂದಿಗೆ ಕೂತು ಮತ್ತೆ ನೇಯಿಸಿದರು. ತಾವು ರೂಪಿಸಿದ ವಿನ್ಯಾಸವನ್ನು ನೇಕಾರರು ಬೇರೆಯವರಿಗೆ ನೇಯ್ದು ಮಾರಿದರೂ ಅವರು ತಡೆಯುವುದಿಲ್ಲ. ನೇಕಾರನ ಮಗ್ಗ ನಡೆಯಬೇಕು, ಅಷ್ಟೆ. 2019ರಲ್ಲಿ ಅಲ್ಲೇ ಒಂದು ಸೀರೆ ವಸ್ತುಸಂಗ್ರಹಾಲಯವೂ ಆಯಿತು. ನೋಡಿ, ಇದೂ ಹುಣಿಸೆಯ ಲೆಕ್ಕ ಹೇಳಿಕೊಟ್ಟ ಹಾಗೆಯೇ! ಒಂದು ವ್ಯತ್ಯಾಸವಿದೆ. ಇಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ದುಡಿಯುವ ಕೈಗೆ. ಅಮ್ಮನ ವಿಷಯದಲ್ಲಿ ದುಡಿಯುವ ಕೈಯೇ ಬಿಟ್ಟುಕೊಟ್ಟಿತ್ತು.

ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿಯವರು ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಸೂಜಿ ಹಿಡಿದು ಬೇಸರದ ಹೊಲಿಗೆ ಹಾಕುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂಬ ಕಥೆ ಅವರಿಗೆ ಪ್ರಿಯವಾಗಿತ್ತು. 1924ರ ಸಂವಾದವೊಂದರಲ್ಲಿ ಅದನ್ನು ಹೇಳಿದ್ದಾರೆ. ಆ ಯಂತ್ರ ಮನೆಯಿಂದ ಕಾರ್ಖಾನೆಗೆ ಹೋದ ಮೇಲೆ ಏನಾಯಿತು? ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಭವಿಷ್ಯನಿಧಿಯ ಹಣವನ್ನು 58 ವರ್ಷವಾಗುವವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಗಟ್ಟಲೆ ಬೀದಿಗಿಳಿದರು. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಕಾಜಾ ಗುಂಡಿ ಹೊಲಿಯುವ ಹೆಂಗಸರು, ಬೆಳಗಿನ ನಾಲ್ಕಕ್ಕೆ ಎದ್ದು ಅಡುಗೆ ಮಾಡಿಟ್ಟು ಬರುವವರು, ತಮ್ಮ ಹಣ ತಮ್ಮದು ಎಂದರು. ಅಂದು ಸುದ್ದಿ ನೋಡುತ್ತ ನನಗೆ ಅಮ್ಮನ ನಗು ನೆನಪಾಯಿತು. ಅವಳು ಕೇಳದೆ ಬಿಟ್ಟದ್ದನ್ನು ಇವರು ಕೇಳಿದರು.

ಬೆಂಗಳೂರಿಗೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಬಂದದ್ದು 1997ರಲ್ಲಿ. 'ಡಿಸೈನರ್' ಎಂಬ ಪದ ನಮ್ಮ ಊರುಗಳಲ್ಲಿ ಈಗ ಎಲ್ಲರ ಬಾಯಲ್ಲಿದೆ. ಒಳ್ಳೆಯದೇ. ಅಂದಾಜನ್ನು ಕಾಗದಕ್ಕಿಳಿಸುವ ವಿದ್ಯೆಯನ್ನು ಹುಡುಗಿಯರು ಕಲಿಯಲಿ. ಆದರೆ ನೀವು ಪೇಟೆಯ ದರ್ಜಿಯ ಹತ್ತಿರವೋ, ಪಕ್ಕದ ಬೀದಿಯ ಹೊಲಿಗೆಯ ಅಕ್ಕನ ಹತ್ತಿರವೋ ಹೋದಾಗ, "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೇಕೆ?" ಎಂದು ಚೌಕಾಸಿಗೆ ಇಳಿಯುವ ಮುಂಚೆ ಒಂದು ಗಳಿಗೆ ನಿಲ್ಲಿ. ಆ ಅರ್ಧ ಬೆರಳಿನ ಅಂದಾಜಿಗೆ ಮೂವತ್ತು ವರ್ಷ ಹಿಡಿದಿರಬಹುದು.

ನನ್ನ ಪುಟ್ಟ ಘಟಕದಲ್ಲಿ ಈಗಲೂ ಕರ್ಜಿಕಾಯಿ ಅಂಚಿನ ರವಿಕೆ ಹೊಲಿಯುತ್ತೇವೆ. ಕೇಳಿದವರಿಗೆ ಮಾದರಿಯನ್ನು ಸುಮ್ಮನೆ ಕೊಡುತ್ತೇನೆ, ಹೇಳಿಕೊಡುತ್ತೇನೆ. ತಿರುವುವ ಕೆಲಸದ ಕೂಲಿಯನ್ನು ಮಾತ್ರ ಪುಸ್ತಕದಲ್ಲಿ ಬೇರೆಯೇ ಕಾಲಂ ಎಳೆದು ಬರೆಯುತ್ತೇನೆ. ಆ ಕಾಲೇಜಿನ ಹುಡುಗಿ ಮತ್ತೆ ಸಿಕ್ಕರೆ ಅಡುಗೆಮನೆಗೇ ಕರೆದುಕೊಂಡು ಹೋಗಿ, ಕೈಗೆ ಕಣಕದ ಉಂಡೆ ಕೊಟ್ಟು, ಮೊದಲು ಅಂಚು ತಿರುವುವುದನ್ನು ತೋರಿಸಬೇಕೆಂದಿದ್ದೇನೆ. ಹೂರಣ ಎಷ್ಟು ತುಂಬಬೇಕೆಂದು ಅವಳು ಕೇಳಿಯೇ ಕೇಳುತ್ತಾಳೆ. ಉತ್ತರ ನಿಮಗೆ ಗೊತ್ತೇ ಇದೆ.