ಮೇದಸ್ಸಿನ ಅಳತೆ: ದೇಹಸಂಯೋಜನೆಯ ಪರೀಕ್ಷೆಯ ಚರಿತ್ರೆ

ಸ್ಥೂಲಕಾಯರು ಮೈಯಿಳಿಸಿಕೊಳ್ಳಲು ಹೊರಟಾಗ ತಕ್ಕಡಿಯನ್ನೇ ಪ್ರಮಾಣವೆಂದು ನಂಬುವುದು ಲೋಕರೂಢಿ. ತಕ್ಕಡಿಯು ದೇಹವು ಎಷ್ಟು ಭಾರವೆಂಬುದನ್ನು ತಿಳಿಸುತ್ತದೆ. ಆ ಭಾರವು ಯಾವುದರದೆಂಬುದನ್ನು ತಿಳಿಸಲಾರದು. ತೂಕವು ಕಡಮೆಯಾದಾಗ ಕರಗಿದುದು ಕೊಬ್ಬೋ, ಸೊರಗಿದುದು ಸ್ನಾಯುವೋ, ಬತ್ತಿದುದು ನೀರೋ ಎಂಬ ಪ್ರಶ್ನೆಗೆ ಅಳತೆಯ ಮೂಲಕ ಉತ್ತರವು ದೊರೆತುದು 20ನೆಯ ಶತಮಾನದಲ್ಲಿ. ಆ ಉತ್ತರವು ಬೆಳೆದುಬಂದ ಬಗೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಭೇದದ ಅರಿವು ಹಳೆಯದೇ. ನಮ್ಮ ವೈದ್ಯಶಾಸ್ತ್ರವು ಸಪ್ತಧಾತುಗಳಲ್ಲಿ ಮಾಂಸವನ್ನೂ ಮೇದಸ್ಸನ್ನೂ ಬೇರೆಬೇರೆಯಾಗಿ ಎಣಿಸಿತು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿಂದಿತರಾದ ಎಂಟು ಬಗೆಯ ಪುರುಷರನ್ನು ಹೇಳುವಾಗ ಅತಿಸ್ಥೂಲನೂ ಅತಿಕೃಶನೂ ಸೇರಿದ್ದಾರೆ. ಅತಿಸ್ಥೂಲನಲ್ಲಿ ಮೈ ಬೆಳೆದಷ್ಟು ಉತ್ಸಾಹವು ಬೆಳೆಯದೆಂದೂ, ಮಾಂಸವು ಸಮಪ್ರಮಾಣದಲ್ಲಿರುವವನೇ ರೋಗಗಳನ್ನು ತಡೆಯಬಲ್ಲನೆಂದೂ ಅಲ್ಲಿಯ ಅಭಿಪ್ರಾಯ. ಆದರೆ ಇದು ನೋಟದಿಂದಲೂ ಲಕ್ಷಣದಿಂದಲೂ ಮಾಡಿದ ನಿರ್ಣಯ. ಮೇದಸ್ಸು ಇಷ್ಟೆಂದು ಅಂಕಿಯಲ್ಲಿ ಹೇಳುವ ಸಾಧನವು ಆಗ ಇರಲಿಲ್ಲ.

ಯೂರೋಪಿನಲ್ಲಿ ದೇಹವನ್ನು ಕ್ರಮವಾಗಿ ತೂಗಿದವರಲ್ಲಿ ಇಟಲಿಯ ವೈದ್ಯ ಸಾಂಟೋರಿಯೋ ಪ್ರಸಿದ್ಧನು. ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಉಂಡುದನ್ನೂ ವಿಸರ್ಜಿಸಿದುದನ್ನೂ ತೂಗಿ, ಕಂಡ ಫಲಿತಾಂಶವನ್ನು ಆತನು 1614ರಲ್ಲಿ ಪ್ರಕಟಿಸಿದನು. ಎಂಟು ಪೌಂಡು ಅನ್ನಪಾನಗಳಲ್ಲಿ ಐದು ಪೌಂಡು ಕಣ್ಣಿಗೆ ಕಾಣದ ಬೆವರಾಗಿ ಹೋಗುವುದೆಂಬುದು ಆತನ ಗಣನೆ. ಅಂಕಿ ಹೇಗೇ ಇರಲಿ, ಒಂದೇ ದಿನದಲ್ಲಿ ತೂಕವು ಏರಿಳಿಯುವುದೆಂಬ ಸಂಗತಿಯು ಇದರಿಂದ ಸ್ಥಿರಪಟ್ಟಿತು. ಇಂದು ಬೆಳಗ್ಗೆಯೂ ಸಂಜೆಯೂ ತೂಗಿಕೊಂಡು ಹಿಗ್ಗುವವರೂ ಕುಗ್ಗುವವರೂ ಇದನ್ನು ನೆನೆಯಬೇಕು.

ಎರಡನೆಯ ಘಟ್ಟವು ಬೆಲ್ಜಿಯಂ ದೇಶದ ಕೆಟ್ಲೆಯದು. ಆತನು ವೈದ್ಯನಲ್ಲ, ಖಗೋಳಶಾಸ್ತ್ರಜ್ಞ. 1835ರ ತನ್ನ ಗ್ರಂಥದಲ್ಲಿ ‘ಸಾಮಾನ್ಯ ಮಾನವ’ನ ಲಕ್ಷಣವನ್ನು ಸಂಖ್ಯೆಗಳಿಂದ ನಿರೂಪಿಸುತ್ತ, ವಯಸ್ಕರ ತೂಕವು ಸುಮಾರಾಗಿ ಎತ್ತರದ ವರ್ಗದಂತೆ ಹೆಚ್ಚುವುದೆಂದು ತೋರಿಸಿದನು. ಸ್ಥೂಲತೆಯ ಚಿಕಿತ್ಸೆಯು ಆತನ ಗುರಿಯಾಗಿರಲಿಲ್ಲ. ಮುಂದೆ ಅಮೆರಿಕದ ಜೀವವಿಮಾ ಸಂಸ್ಥೆಗಳು ಎತ್ತರಕ್ಕೆ ಇಷ್ಟು ತೂಕವೆಂದು ಪಟ್ಟಿಗಳನ್ನು ಕಟ್ಟಿದುವು. 1972ರಲ್ಲಿ ಅನ್ಸೆಲ್ ಕೀಸ್ ಮತ್ತು ಆತನ ಸಂಗಡಿಗರು ಕೆಟ್ಲೆಯ ಸೂತ್ರಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರನ್ನಿತ್ತರು. ಜನಸಮೂಹವನ್ನು ಅರಿಯಲು ಹುಟ್ಟಿದ ಸೂತ್ರವು ಒಬ್ಬೊಬ್ಬ ರೋಗಿಯ ಮೇಲೆ ತೀರ್ಪು ಕೊಡುವ ಸ್ಥಾನಕ್ಕೆ ಬಂದುದು ಹೀಗೆ.

ಈ ತೀರ್ಪು ಎಷ್ಟು ತಪ್ಪಬಹುದೆಂಬುದನ್ನು ಅದಕ್ಕೆ ಮೂವತ್ತು ವರ್ಷ ಮೊದಲೇ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ತೋರಿಸಿದ್ದನು. ಆಳಕ್ಕೆ ಮುಳುಗುವವರ ದೇಹದಲ್ಲಿ ನೈಟ್ರೋಜನ್ ಅನಿಲವು ನೀರಿಗಿಂತ ಕೊಬ್ಬಿನಲ್ಲಿ ಬಹುಪಾಲು ಹೆಚ್ಚಾಗಿ ಕರಗುವುದರಿಂದ, ಯಾರಲ್ಲಿ ಎಷ್ಟು ಕೊಬ್ಬಿದೆಯೆಂಬುದು ಆತನಿಗೆ ಪ್ರಾಣಪ್ರಶ್ನೆಯಾಗಿದ್ದಿತು. ಉಪಾಯವಾಗಿ ಒದಗಿದುದು ಆರ್ಕಿಮಿಡೀಸನ ಹಳೆಯ ತತ್ತ್ವ. ಮನುಷ್ಯನನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿ, ಶ್ವಾಸಕೋಶದಲ್ಲಿ ಉಳಿದ ಗಾಳಿಯನ್ನು ಕಳೆದರೆ ದೇಹದ ಸಾಂದ್ರತೆಯು ತಿಳಿಯುತ್ತದೆ. ಕೊಬ್ಬು ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.90, ಉಳಿದ ದೇಹವು ಸುಮಾರು 1.10. ಆದುದರಿಂದ ಸಾಂದ್ರತೆಯಿಂದ ಕೊಬ್ಬಿನ ಪಾಲನ್ನು ಗಣಿಸಬಹುದು. 1942ರಲ್ಲಿ ಬೆಂಕೆ ಮತ್ತು ವೆಲ್ಹಾಮ್ ವೃತ್ತಿನಿರತ ಫುಟ್‌ಬಾಲ್ ಆಟಗಾರರು 25 ಮಂದಿಯನ್ನು ಪರೀಕ್ಷಿಸಿದರು. ಎತ್ತರ–ತೂಕದ ಪಟ್ಟಿಯಂತೆ ಅವರಲ್ಲಿ 17 ಮಂದಿ ಅತಿಭಾರದ ಕಾರಣದಿಂದ ಸೈನ್ಯಕ್ಕೆ ಅನರ್ಹರೆನಿಸಬಹುದಾಗಿದ್ದಿತು. ನೀರಿನ ತೂಕವು ಅವರ ಭಾರವು ಬಹುಮಟ್ಟಿಗೆ ಸ್ನಾಯುವಿನದೆಂದು ಸಾರಿತು.

ಇದರ ಮರುಮುಖವನ್ನು ಕಾಣಿಸಿದುದು ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ 1944–45ರಲ್ಲಿ ಕೀಸ್ ನಡೆಯಿಸಿದ ಉಪವಾಸದ ಪ್ರಯೋಗ. ಯುದ್ಧದಿಂದ ಕಂಗೆಟ್ಟ ಜನರಿಗೆ ಅನ್ನವಿತ್ತು ಚೇತರಿಸುವ ಬಗೆಯನ್ನು ಅರಿಯಲು, ಶಸ್ತ್ರ ಹಿಡಿಯಲೊಲ್ಲದ 36 ಮಂದಿ ತರುಣರು ತಾವಾಗಿ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ತೂಕವು ಸುಮಾರು ನಾಲ್ಕರಲ್ಲೊಂದು ಪಾಲು ಇಳಿಯಿತು. ಇಳಿದುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಸೊರಗಿದ್ದಿತು. ಬಲವೂ ಉತ್ಸಾಹವೂ ಕುಂದಿದ್ದುವು. ಮತ್ತೆ ಉಣ್ಣತೊಡಗಿದಾಗ ಕೊಬ್ಬು ಮುಂದಾಗಿಯೂ ಸ್ನಾಯು ಹಿಂದಾಗಿಯೂ ಬಂದುವು. ತೂಕವು ಮೊದಲಿನಷ್ಟಾಯಿತೆಂಬ ಮಾತ್ರಕ್ಕೆ ದೇಹವು ಮೊದಲಿನಂತಾಗಲಿಲ್ಲ.

ಆಮೇಲಿನ ಚರಿತ್ರೆಯು ಉಪಕರಣಗಳದು. ಸಾಂದ್ರತೆಯಿಂದ ಕೊಬ್ಬಿನ ಶೇಕಡಾಂಶವನ್ನು ಎಣಿಸುವ ಸೂತ್ರಗಳನ್ನು ಸೀರಿ, ಬ್ರೋಜೆಕ್ ಮೊದಲಾದವರು ರಚಿಸಿದರು. ಚರ್ಮದ ಮಡಿಕೆಯನ್ನು ಇಕ್ಕುಳದಂಥ ಸಾಧನದಿಂದ ಅಳೆಯುವುದು, ದೇಹದಲ್ಲಿ ಅತ್ಯಲ್ಪ ವಿದ್ಯುತ್ತನ್ನು ಹರಿಯಿಸಿ ಅದರ ತಡೆಯನ್ನು ನೋಡುವುದು, ಎರಡು ಶಕ್ತಿಯ ಎಕ್ಸ್‌ರೇ ಕಿರಣಗಳಿಂದ ಮೂಳೆ, ಕೊಬ್ಬು, ಉಳಿದ ಮೃದುಭಾಗಗಳನ್ನು ಬೇರ್ಪಡಿಸುವ ‘ಡೆಕ್ಸಾ’—ಇವು ಕ್ರಮೇಣ ಬಳಕೆಗೆ ಬಂದುವು. ನೀರೂ ಲವಣವೂ ತುಂಬಿದ ಸ್ನಾಯುವಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯದು. ಇಂದು ಮನೆಗಳಲ್ಲಿರುವ ಕೊಬ್ಬಿನ ತಕ್ಕಡಿಗಳ ಮರ್ಮವಿಷ್ಟೇ.

ಒಂದು ದೃಷ್ಟಾಂತದಿಂದ ಇದರ ಪ್ರಯೋಜನವು ಸ್ಪಷ್ಟವಾಗುತ್ತದೆ. 80 ಕಿಲೋಗ್ರಾಂ ತೂಗುವವನಲ್ಲಿ ಶೇಕಡಾ 30 ಕೊಬ್ಬಿದ್ದರೆ, ಕೊಬ್ಬು 24, ಉಳಿದುದು 56. ಆತನು 72ಕ್ಕೆ ಇಳಿದಾಗ ಕೊಬ್ಬು ಶೇಕಡಾ 25 ಆಗಿದ್ದರೆ, ಹೋದ ಎಂಟರಲ್ಲಿ ಆರು ಕೊಬ್ಬು, ಎರಡು ಇತರ. ಕೊಬ್ಬು ಶೇಕಡಾ 30ರಲ್ಲೇ ನಿಂತಿದ್ದರೆ, ಹೋದ ಕೊಬ್ಬು 2.4 ಮಾತ್ರ, 5.6 ಕಿಲೋಗ್ರಾಂ ಸ್ನಾಯು, ನೀರು ಮೊದಲಾದುವು. ತಕ್ಕಡಿಗೆ ಇಬ್ಬರೂ ಸಮಾನರು. ಮೊದಲನೆಯದನ್ನು ಮೈಯಿಳಿದುದೆಂದೂ ಎರಡನೆಯದನ್ನು ಮೈ ಬಡವಾದುದೆಂದೂ ನಮ್ಮ ಮಾತಿನಲ್ಲಿ ಬೇರ್ಪಡಿಸಿ ಹೇಳಬಹುದು.

ಈ ವಿಚಾರವು ಭಾರತೀಯರಿಗೆ ವಿಶೇಷವಾಗಿ ಅನ್ವಯಿಸುತ್ತದೆ. 2004ರಲ್ಲಿ ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ಎಂಬ ವೈದ್ಯರು ತಮ್ಮ ದೇಹಗಳನ್ನೇ ಹೋಲಿಸಿ ಪ್ರಕಟಿಸಿದರು. ಇಬ್ಬರ ಬಾಡಿ ಮಾಸ್ ಇಂಡೆಕ್ಸೂ 22.3, ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಜನಿಸಿದ ಶಿಶುಗಳ ಅಧ್ಯಯನವೂ ಇದಕ್ಕೆ ಪೋಷಕ. ಇಂಗ್ಲೆಂಡಿನ ಶಿಶುಗಳಿಗಿಂತ ಅವು ಹಗುರವಾಗಿದ್ದರೂ, ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಆ ಪ್ರಮಾಣದಲ್ಲಿ ಕಡಮೆಯಾಗಿರಲಿಲ್ಲವೆಂದು 2005ರಲ್ಲಿ ವರದಿಯಾಯಿತು. ತೆಳ್ಳಗೆ ಕಾಣುವ ಮೈಯಲ್ಲಿಯೂ ಕೊಬ್ಬು ಅಡಗಿರಬಹುದು. ಮಧುಮೇಹವು ಅಂಥವರನ್ನೂ ಹಿಡಿಯುವುದು.

ಆದರೂ ಹೊಸ ಅಂಕಿಯನ್ನು ವೇದವಾಕ್ಯವೆಂದು ಹಿಡಿಯಲಾಗದು. ಸಾಂದ್ರತೆಯ ಲೆಕ್ಕವು ಮೇದಸ್ಸಿಲ್ಲದ ಭಾಗವು ಎಲ್ಲರಲ್ಲಿಯೂ ಏಕರೂಪವೆಂದು ಭಾವಿಸಿ ನಿಂತಿದೆ. ಮೂಳೆ ಸವೆದ ವೃದ್ಧರಲ್ಲಿ ಅದು ತಪ್ಪುತ್ತದೆ. ವಿದ್ಯುತ್ತಿನ ಅಳತೆಯು ಕುಡಿದ ನೀರಿನಿಂದಲೂ ಸುರಿದ ಬೆವರಿನಿಂದಲೂ ವ್ಯತ್ಯಾಸಗೊಳ್ಳುತ್ತದೆ. ಆದುದರಿಂದ ಒಂದೇ ಉಪಕರಣದಲ್ಲಿ, ದಿನದ ಒಂದೇ ವೇಳೆಯಲ್ಲಿ, ಕೆಲವು ವಾರಗಳ ಅಂತರದಲ್ಲಿ ಅಳೆದು, ಅಂಕಿಯು ಸಾಗುವ ದಿಕ್ಕನ್ನು ನೋಡುವುದು ಯುಕ್ತ. ಸಾಂಟೋರಿಯೋ ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು ತೋರಿಸಿದ ತಾಳ್ಮೆಯು ಇಲ್ಲಿಯೂ ಬೇಕು.