ಆಟ ಗೊತ್ತಿಲ್ಲದವರ ಕಣ್ಣೀರು

ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಎಂಬ ಹಾಲಿವುಡ್ಡಿನ ನಿರ್ಮಾಪಕನಿಗೆ ಬೇಸ್‌ಬಾಲ್ ಅಂದರೆ ಏನೂ ಗೊತ್ತಿರಲಿಲ್ಲ. ಆಟದ ಮೇಲೆ ಸಿನಿಮಾ ತೆಗೆದರೆ ದುಡ್ಡು ಮುಳುಗುತ್ತದೆ ಎಂದು ನಂಬಿದ್ದ ಆಸಾಮಿ. ಅವನಿಗೆ ಯಾರೋ ಒಂದು ಸುದ್ದಿಚಿತ್ರ ತೋರಿಸಿದರಂತೆ. ಲೂ ಗೆರಿಗ್ ಎಂಬ ಆಟಗಾರ 1939ರ ಜುಲೈ 4ರಂದು ನ್ಯೂಯಾರ್ಕಿನ ಯಾಂಕಿ ಮೈದಾನದಲ್ಲಿ ನಿಂತು ಜನಕ್ಕೆ ವಿದಾಯ ಹೇಳಿದ ಚಿತ್ರ. ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಹತ್ತಿತ್ತು ಅವನಿಗೆ, ಆಗಿನ್ನೂ 36 ವರ್ಷ. ಅದನ್ನು ನೋಡಿ ಗೋಲ್ಡ್‌ವಿನ್ ಅತ್ತುಬಿಟ್ಟ ಅಂತ ಹೇಳ್ತಾರೆ. 1942ರಲ್ಲಿ ಅವನೇ ತೆಗೆಸಿದ ‘ದಿ ಪ್ರೈಡ್ ಆಫ್ ದಿ ಯಾಂಕೀಸ್’ ಬಂತು. ಗೆರಿಗ್ ಅದಕ್ಕೆ ಒಂದು ವರ್ಷ ಮುಂಚೆಯೇ ತೀರಿಕೊಂಡಿದ್ದ.

ಅವತ್ತಿನಿಂದ ಇವತ್ತಿನವರೆಗೂ ಇದು ನಡೆದು ಬಂದಿದೆ. ಆಟದ ಗಂಧಗಾಳಿ ಇಲ್ಲದವರೂ ಬೇಸ್‌ಬಾಲ್ ಸಿನಿಮಾ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಪೇಪರಿನ ಕ್ರೀಡಾಪುಟವನ್ನು ಮಡಚಿ ಪಕ್ಕಕ್ಕಿಡುವ ನಾನೂ ಆ ಪೈಕಿಯವನೇ. ಯಾಕೆ ಹೀಗೆ? ಮತ್ತೆ, ಆ ಕಣ್ಣೀರು ಯಾರ ಕಡೆಯದು?

ಒಂದು ಕಾರಣ ಆಟದ ಕಟ್ಟಿನಲ್ಲೇ ಇದೆ. ಹಾಕಿ, ಫುಟ್‌ಬಾಲು ಓಡುತ್ತಲೇ ಇರುತ್ತವೆ. ಗೊತ್ತಿಲ್ಲದವನ ಕಣ್ಣಿಗೆ ಅದು ಬರೀ ಗಲಾಟೆ. ಬೇಸ್‌ಬಾಲು ನಿಂತು ನಿಂತು ಸಾಗುವ ಆಟ. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಬೇಕಾದಷ್ಟು ಹೊತ್ತು. 2023ರಿಂದ ದೊಡ್ಡ ಲೀಗಿನಲ್ಲಿ ಅದಕ್ಕೂ ಗಡಿಯಾರ ಇಟ್ಟಿದ್ದಾರೆ, ಆದರೆ ನಾನು ಹೇಳುತ್ತಿರುವ ಸಿನಿಮಾಗಳ ಕಾಲದಲ್ಲಿ ಅದಿರಲಿಲ್ಲ. ಆ ಬಿಡುವಿನಲ್ಲಿ ಕ್ಯಾಮೆರಾ ಮನುಷ್ಯನ ಮುಖದ ಹತ್ತಿರ ಹೋಗಿ ನಿಲ್ಲಬಹುದು. ಬೆವರು, ಹೆದರಿಕೆ, ಹಠ ಎಲ್ಲ ಕಾಣುತ್ತೆ. ಎದುರು ತಂಡದ ಒಂಬತ್ತು ಜನ ಮೈದಾನದ ತುಂಬ ಹರಡಿಕೊಂಡಿರುತ್ತಾರೆ. ದಾಂಡು ಹಿಡಿದವನು ಒಬ್ಬನೇ. ಮೂರು ಸಲ ತಪ್ಪಿದರೆ ಅವನ ಸರದಿ ಮುಗೀತು. ಮೂರರ ತನಕ ಎಣಿಸೋಕೆ ಬಂದರೆ ಸಿನಿಮಾದ ಮಟ್ಟಿಗೆ ಆಟ ಬಂದ ಹಾಗೆಯೇ. ಇನ್ನೊಂದು ಮಾತು, ಓಟ ಹೊರಡುವ ಜಾಗಕ್ಕೆ ಅವರು ‘ಹೋಮ್’ ಅನ್ನುತ್ತಾರೆ, ಮನೆ. ಮನೆ ಬಿಟ್ಟು ಮೂರು ಠಾವು ಸುತ್ತಿ ಮತ್ತೆ ಮನೆ ಮುಟ್ಟಿದರೆ ಒಂದು ಓಟ. ನಡುವೆ ಸಿಕ್ಕಿಬಿದ್ದರೆ ಹೊರಗೆ. ಹೊರಟವನು ಮನೆ ಮುಟ್ಟುತ್ತಾನೋ ಇಲ್ಲವೋ ಅನ್ನುವ ಕಳವಳವನ್ನು ಗುಳೆ ಹೋಗುವ ಜನಕ್ಕೆ ಬಿಡಿಸಿ ಹೇಳಬೇಕಾ?

ಇದು ಅರ್ಧ ಕಾರಣ. ಉಳಿದರ್ಧ ಮೈದಾನದ ಬೇಲಿಯ ಹತ್ತಿರ ಇದೆ. ಯಾರನ್ನು ಒಳಗೆ ಬಿಟ್ಟರು, ಯಾರನ್ನು ಬಿಡಲಿಲ್ಲ ಅನ್ನುವಲ್ಲಿ.

ಗೆರಿಗ್‌ನ ತಾಯಿತಂದೆ ಜರ್ಮನಿಯಿಂದ ಬಂದ ಬಡವರು. ತಾಯಿ ಕಾಲೇಜು ಹುಡುಗರ ವಸತಿಗೃಹದಲ್ಲಿ ಅಡಿಗೆಯವಳು. ಅಡಿಗೆಯವಳ ಮಗ ದೇಶದ ಕಣ್ಮಣಿಯಾದ ಎಂಬುದೇ 1942ರ ಸಿನಿಮಾದ ಹೂರಣ. ಸುಳ್ಳಲ್ಲ. ಆದರೆ ಅದೇ ಊರಲ್ಲಿ ಕರಿಯ ಅಡಿಗೆಯವಳ ಮಗನೂ ಇದ್ದನಲ್ಲ? ಯಾಂಕಿ ಮೈದಾನವನ್ನು ಕರಿಯರ ತಂಡಗಳು ಬಾಡಿಗೆ ಕೊಟ್ಟು ಹಿಡಿದು ಆಡುತ್ತಿದ್ದವು. ಬಾಡಿಗೆ ಮೈಲಿಗೆಯಲ್ಲ, ಮನುಷ್ಯ ಮೈಲಿಗೆ. ಯಾಂಕಿ ತಂಡದ ಅಂಗಿ ತೊಡುವ ಹಾಗಿರಲಿಲ್ಲ.

ಮೊದಲಿನಿಂದ ಹೀಗಿರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಟೊಲೆಡೋ ತಂಡದಲ್ಲಿ, ದೊಡ್ಡ ಲೀಗಿನಲ್ಲೇ ಆಡಿದ್ದ. 1887ರ ಜುಲೈನಲ್ಲಿ ಇಂಟರ್‌ನ್ಯಾಷನಲ್ ಲೀಗಿನ ಯಜಮಾನರು ಕೂತು, ಇನ್ನು ಮೇಲೆ ಕರಿಯರ ಜೊತೆ ಹೊಸ ಕರಾರು ಬೇಡ ಎಂದು ಮತ ಹಾಕಿದರು. ದೊಡ್ಡ ಲೀಗುಗಳು ಅಷ್ಟು ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅಲ್ಲಿ ಬರೆದಿಟ್ಟ ನಿಯಮವೇ ಇರಲಿಲ್ಲ. ಇದ್ದದ್ದು ‘ಸಭ್ಯರ ಒಪ್ಪಂದ’. ಸಭ್ಯರು! ನಮ್ಮ ಹಳ್ಳಿ ಹೋಟೆಲುಗಳ ಹಿಂದಿನ ಗೋಡೆಗೆ ಬೇರೆ ಲೋಟ ಇಟ್ಟದ್ದಕ್ಕೆ ಯಾವ ಕಾಗದದಲ್ಲಿ ಯಾರು ಸಹಿ ಹಾಕಿದ್ದರು? ಹಾಗೆಯೇ ಅದು. ಅರವತ್ತು ವರ್ಷ ಅಲುಗಾಡಲಿಲ್ಲ. ಹೊರಗಿಟ್ಟವರು 1920ರಲ್ಲಿ ರೂಬ್ ಫಾಸ್ಟರನ ಮುಂದಾಳುತನದಲ್ಲಿ ತಮ್ಮದೇ ಲೀಗು ಕಟ್ಟಿಕೊಂಡರು. ಜೋಶ್ ಗಿಬ್ಸನ್ ಅಂಥ ದಾಂಡಿಗ, ಸ್ಯಾಚೆಲ್ ಪೇಜ್ ಅಂಥ ಎಸೆತಗಾರ ಬೆಳೆದದ್ದು ಅಲ್ಲಿ.

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಕಣಕ್ಕಿಳಿದ. ಜೋಶ್ ಗಿಬ್ಸನ್ ಆ ದಿನ ನೋಡಲಿಲ್ಲ. ಅದೇ ವರ್ಷದ ಜನವರಿ 20ರಂದು, 35ನೇ ವಯಸ್ಸಿಗೆ ಸತ್ತಿದ್ದ. ಮೂರು ತಿಂಗಳೂ ತುಂಬಿರಲಿಲ್ಲ.

1950ಕ್ಕೆ ‘ದಿ ಜಾಕಿ ರಾಬಿನ್ಸನ್ ಸ್ಟೋರಿ’ ಬಂತು. ರಾಬಿನ್ಸನ್ ಪಾತ್ರ ಮಾಡಿದವನು ಸ್ವತಃ ರಾಬಿನ್ಸನ್. ಕಡಿಮೆ ದುಡ್ಡಿನ, ಅವಸರದ ಚಿತ್ರ. ಅವನೇನು ದೊಡ್ಡ ನಟನಲ್ಲ. ಆದರೂ ಆ ಮುಖ ನೋಡಿದರೆ ಹೊಟ್ಟೆ ಕಿವುಚುತ್ತದೆ. ತಾನು ತಿಂದ ಅವಮಾನವನ್ನು ಮೂರು ವರ್ಷದಲ್ಲೇ ಮತ್ತೊಮ್ಮೆ ದೀಪದ ಬೆಳಕಲ್ಲಿ ನಿಂತು ತಿನ್ನುತ್ತಿದ್ದಾನೆ. ಡಾಡ್ಜರ್ಸ್ ತಂಡದ ಯಜಮಾನಿಕೆಯ ಬ್ರಾಂಚ್ ರಿಕಿ ಅವನಿಗೆ ಹಾಕಿದ ಷರತ್ತು ಗೊತ್ತಲ್ಲ? ಯಾರು ಏನೇ ಬೈಯಲಿ, ಉಗಿಯಲಿ, ತಿರುಗಿ ಬೀಳಬಾರದು. ಈ ಮಾತು ಆಡಿಸಿಕೊಂಡವನು ಯಾರು? 1944ರಲ್ಲಿ ಸೈನ್ಯದಲ್ಲಿದ್ದಾಗ ಬಸ್ಸಿನ ಹಿಂದಿನ ಸೀಟಿಗೆ ಹೋಗು ಅಂದರೆ ಹೋಗಲ್ಲ ಅಂದು, ಮಿಲಿಟರಿ ಕೋರ್ಟಿನ ಕಟಕಟೆ ಹತ್ತಿ, ಖುಲಾಸೆಯಾಗಿ ಬಂದವನು. ಅಂಥವನ ಬಾಯಿ ಕಟ್ಟಿದ್ದನ್ನು ಸಿನಿಮಾ ಅವನ ದೊಡ್ಡಗುಣ ಅಂತ ತೋರಿಸುತ್ತದೆ. ಬಿಳಿ ಪ್ರೇಕ್ಷಕ ಅತ್ತದ್ದು ಇಲ್ಲಿ ಅಂತ ನನ್ನ ಗುಮಾನಿ. ಹೊಡೆತ ತಿಂದೂ ಕೈ ಎತ್ತದವನನ್ನು ಪ್ರೀತಿಸುವುದು ಸುಲಭ.

ಇನ್ನು ಸಿನಿಮಾ ಬಿಟ್ಟದ್ದನ್ನು ನೋಡಿ. ಕರಿಯರ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ನಲ್ಲಿ ವೆಂಡೆಲ್ ಸ್ಮಿತ್ ವರ್ಷಗಟ್ಟಲೆ ಬರೆದ. 1936ರಿಂದ ಕಮ್ಯುನಿಸ್ಟರ ‘ಡೈಲಿ ವರ್ಕರ್’ನಲ್ಲಿ ಲೆಸ್ಟರ್ ರಾಡ್ನಿ ಬರೆದ. ಜನ ಸಹಿ ಸಂಗ್ರಹಿಸಿದರು. 1945ರಲ್ಲಿ ನ್ಯೂಯಾರ್ಕ್ ರಾಜ್ಯ ಕೆಲಸದಲ್ಲಿ ಬಣ್ಣಭೇದ ಮಾಡಬಾರದೆಂದು ಕಾನೂನು ತಂದಿತು. ಇಷ್ಟೆಲ್ಲ ಆದಮೇಲೆ ರಿಕಿಯ ಮನಸ್ಸು ಕರಗಿದ್ದು. ಪರದೆ ಮೇಲೆ ಮಾತ್ರ ಒಬ್ಬ ದೊಡ್ಡ ಯಜಮಾನ, ಒಬ್ಬ ಒಳ್ಳೆಯ ಕರಿಯ. ಹೊರಗೆ ನಿಂತು ಬಾಗಿಲು ಬಡಿದವರು ಯಾರೂ ಇಲ್ಲ. ಹರಿಜನೋದ್ಧಾರದ ಕತೆಗಳನ್ನು ಕೇಳಿ ಬೆಳೆದ ನಮಗೆ ಈ ಜಾಡು ಹೊಸದಲ್ಲ. ‘ಲಗಾನ್’ನಲ್ಲೂ 2001ರಲ್ಲಿ ಕಚ್ರಾನ ಕೈ ಹಿಡಿದು ತಂಡಕ್ಕೆ ಎಳೆದುಕೊಂಡವನು ಭುವನ್. ಕಚ್ರಾ ತಾನಾಗಿ ನನಗೂ ಚೆಂಡು ಕೊಡಿ ಅಂತ ಕೇಳುವುದಿಲ್ಲ.

ಸಿನಿಮಾ ಮುಗಿಯುವುದು ವಾಷಿಂಗ್ಟನ್ನಿನಲ್ಲಿ, ರಾಬಿನ್ಸನ್ ದೇಶದ ಪರವಾಗಿ ಭಾಷಣ ಮಾಡುವುದರೊಂದಿಗೆ. 1949ರಲ್ಲಿ ಸಂಸತ್ತಿನ ಸಮಿತಿಯೊಂದು ಹಾಡುಗಾರ ಪಾಲ್ ರೋಬ್ಸನ್‌ನ ವಿರುದ್ಧ ಹೇಳಿಕೆ ಕೊಡಲು ಅವನನ್ನು ಕರೆಸಿಕೊಂಡಿತ್ತು. ಕರಿಯನ ಮೇಲೆ ಕರಿಯನನ್ನು ಛೂ ಬಿಡುವ ಹಳೇ ವಿದ್ಯೆ. 1972ರಲ್ಲಿ ಬಂದ ಆತ್ಮಕಥೆಯಲ್ಲಿ ರಾಬಿನ್ಸನ್ ಅದಕ್ಕೆ ನೊಂದುಕೊಂಡ. ಇನ್ನು ರಾಷ್ಟ್ರಗೀತೆಗೆ ಎದ್ದುನಿಂತು ಹಾಡಲು ತನ್ನಿಂದಾಗದು ಅಂತಲೂ ಬರೆದ. ಆ ಪುಟದ ಮೇಲೆ ಯಾರೂ ದೊಡ್ಡ ಸಿನಿಮಾ ತೆಗೆಯಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ತುಂಬಿದ ಮೈದಾನದ ಮುಂದೆ ನಿಂತು, ಕರಿಯನೊಬ್ಬ ತಂಡದ ಮ್ಯಾನೇಜರ್ ಆಗುವುದನ್ನು ನೋಡಬೇಕು ಎಂದ. ಒಂಬತ್ತು ದಿನಕ್ಕೆ ಸತ್ತ, 53 ವರ್ಷಕ್ಕೆ. ಮೊದಲ ಕರಿಯ ಮ್ಯಾನೇಜರ್ ಬಂದದ್ದು 1975ರಲ್ಲಿ. ಕರಿ ಚಿರತೆಗಳ ಹೆಸರನ್ನು ಹೊತ್ತು ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದೂ ಆ 1972ರಲ್ಲೇ.

ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ಅವರನ್ನು ನೆನೆಯದೆ ಇಲ್ಲಿಂದ ಮುಂದೆ ಹೋಗಲಾರೆ. ಚಮ್ಮಾರರ ಹುಡುಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚು ನೋಡಿಕೊಳ್ಳುತ್ತ, ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯುತ್ತ ಸ್ಪಿನ್ ಬೌಲರ್ ಆದವರು. ಹಿಂದೂಗಳ ತಂಡಕ್ಕೆ ಅವರ ಕೈ ಬೇಕಿತ್ತು. ಚಹದ ಹೊತ್ತಿಗೆ ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದರೂ ನಾಯಕನ ಪಟ್ಟ ಕೊಡಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಎದುರು ತಂಡದ ಅಂಗಿಯ ಬಣ್ಣವೂ ಗೊತ್ತಿಲ್ಲದೆ ರಾಬಿನ್ಸನ್ ಸಿನಿಮಾ ನಮಗೆ ಅರ್ಥವಾಗುವುದು ಆ ಕುಡಿಕೆಯಿಂದ.

ಅಮೆರಿಕಕ್ಕೆ ಮರಳೋಣ. 1976ರ ‘ಬಿಂಗೋ ಲಾಂಗ್’ ಸಿನಿಮಾ ಇದ್ದದ್ದರಲ್ಲಿ ನಗಿಸುವಂಥದ್ದು. 1939ರ ಕಾಲದ ಕರಿಯ ಆಟಗಾರರು ತಮ್ಮ ಯಜಮಾನನನ್ನು ಬಿಟ್ಟು ಸ್ವಂತ ತಂಡ ಕಟ್ಟಿ ಊರೂರು ಅಲೆಯುತ್ತಾರೆ. ಬಿಳಿಯರ ಊರಿಗೆ ಹೋದಾಗ ಕುಣಿಯಬೇಕು, ಕೋಡಂಗಿಯಾಗಬೇಕು. ಗೆದ್ದರೂ ನಗಿಸಿ ಗೆಲ್ಲಬೇಕು. ಅದರಲ್ಲೊಬ್ಬ, ರಿಚರ್ಡ್ ಪ್ರಯರ್ ಮಾಡಿದ ಪಾತ್ರ, ತಾನು ಕ್ಯೂಬಾದವನು ಅಂತ, ಆಮೇಲೆ ರೆಡ್ ಇಂಡಿಯನ್ ಅಂತ ವೇಷ ಹಾಕಿ ಬಿಳಿಯರ ಲೀಗಿಗೆ ನುಸುಳಲು ನೋಡುತ್ತಾನೆ. ಬಾಡಿಗೆ ಮನೆ ಹುಡುಕುವಾಗ ಜಾತಿ ಮುಚ್ಚಿಟ್ಟು ಹೆಸರು ತಿರುಚಿ ಹೇಳಿದವರಿಗೆ ಅಲ್ಲಿ ನಗು ಅರ್ಧಕ್ಕೇ ನಿಲ್ಲುತ್ತದೆ. ಕೊನೆಗೆ ತಂಡದ ಎಳೆಯ ಹುಡುಗನನ್ನು ಬಿಳಿಯರು ಕರೆದುಕೊಂಡಾಗ, ಇದು ನಮ್ಮ ಲೀಗಿನ ಸಾವು ಅಂತ ಹಳಬರಿಗೆ ಹೊಳೆಯುತ್ತದೆ. ನಿಜವಾಗಿ ಆದದ್ದೂ ಅದೇ. ರಾಬಿನ್ಸನ್‌ನನ್ನು ಕೊಟ್ಟ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ರಿಕಿ ಒಂದು ಕಾಸೂ ಕೊಡಲಿಲ್ಲ. 1948ರ ಆಟ ಮುಗಿದ ಮೇಲೆ ನೀಗ್ರೋ ನ್ಯಾಷನಲ್ ಲೀಗು ಬಾಗಿಲು ಹಾಕಿತು.

ಆ ಸಿನಿಮಾದಲ್ಲಿ ಲಿಯಾನ್ ಎಂಬ ದಾಂಡಿಗನಾಗಿ ನಟಿಸಿದವನು ಜೇಮ್ಸ್ ಅರ್ಲ್ ಜೋನ್ಸ್. ಈ ಹೆಸರು ನೆನಪಿರಲಿ. 1989ರ ‘ಫೀಲ್ಡ್ ಆಫ್ ಡ್ರೀಮ್ಸ್’ನಲ್ಲಿ ಅವನೇ ಬರುತ್ತಾನೆ, ಈ ಸಲ ಕರಿಯ ಲೇಖಕನಾಗಿ. ಐಯೋವಾದ ಬಿಳಿ ರೈತನೊಬ್ಬನಿಗೆ ಅಶರೀರವಾಣಿ ಕೇಳಿಸುತ್ತದೆ. ಸಾಲ ಕುತ್ತಿಗೆಗೆ ಬಂದಿದ್ದರೂ ಮೆಕ್ಕೆಜೋಳದ ಹೊಲ ಕೆಡಿಸಿ ಮೈದಾನ ಮಾಡುತ್ತಾನೆ. ಜೋಳದ ಸಾಲುಗಳ ನಡುವಿಂದ ಸತ್ತ ಆಟಗಾರರು ಎದ್ದು ಬರುತ್ತಾರೆ. ಕೊನೆಯಲ್ಲಿ, ಜಗಳವಾಡಿ ಅಗಲಿದ್ದ ಅಪ್ಪನೂ ಬಂದು ಮಗನ ಜೊತೆ ಚೆಂಡು ಎಸೆದಾಡುತ್ತಾನೆ. ಆಟ ಗೊತ್ತಿಲ್ಲದ ಲಕ್ಷಾಂತರ ಗಂಡಸರು ಅತ್ತದ್ದು ಇಲ್ಲಿಗೆ. ಸುಳ್ಳು ಯಾಕೆ, ನನಗೂ ಗಂಟಲು ಕಟ್ಟಿತು. ಆಮೇಲೆ ಎಣಿಸಿದೆ. ಜೋಳದಿಂದ ಎದ್ದು ಬಂದವರಲ್ಲಿ ಕರಿಯರು ಎಷ್ಟು ಜನ? ಒಬ್ಬನೂ ಇಲ್ಲ. ಜೋಶ್ ಗಿಬ್ಸನ್ ಇಲ್ಲ. ಸತ್ತ ಮೇಲೂ ಸಭ್ಯರ ಒಪ್ಪಂದ! ಬೇಸ್‌ಬಾಲ್ ಈ ದೇಶದ ಒಳ್ಳೆಯತನವನ್ನು ಉಳಿಸಿಕೊಂಡು ಬಂದಿದೆ ಅನ್ನುವ ಉದ್ದನೆಯ ಸ್ತೋತ್ರವನ್ನು ಮಾತ್ರ ಆ ಕರಿಯ ಲೇಖಕನ ಬಾಯಲ್ಲೇ ಹೇಳಿಸಿದ್ದಾರೆ. ಜೋನ್ಸ್‌ನ ಕಂಠ ಅಂಥದ್ದು, ಸುಳ್ಳೂ ಸತ್ಯದ ಹಾಗೆ ಕೇಳಿಸುತ್ತದೆ.

1992ರ ‘ಎ ಲೀಗ್ ಆಫ್ ದೇರ್ ಓನ್’ ಹೆಂಗಸರ ಲೀಗಿನ ಕತೆ, 1943ರಲ್ಲಿ ಶುರುವಾದದ್ದು. ಆ ಲೀಗೂ ಕರಿಯ ಹೆಂಗಸರನ್ನು ಸೇರಿಸಲಿಲ್ಲ. ಸಿನಿಮಾದಲ್ಲಿ ಅದಕ್ಕೆ ಸಿಕ್ಕಿದ್ದು ಕೆಲವೇ ಕ್ಷಣ. ದಾರಿ ತಪ್ಪಿ ಬಂದ ಚೆಂಡನ್ನು ಕರಿಯ ಹೆಂಗಸೊಬ್ಬಳು ಎತ್ತಿ, ಹಿಡಿದವಳ ಅಂಗೈ ಚುರ್ ಅನ್ನುವ ಹಾಗೆ ಎಸೆದು, ತಲೆಯಾಡಿಸಿ ಹೋಗುತ್ತಾಳೆ. ಆಕೆಗೆ ಹೆಸರಿಲ್ಲ, ಮಾತಿಲ್ಲ. ಇಡೀ ಚಿತ್ರದಲ್ಲಿ ನನಗೆ ಉಳಿದದ್ದು ಅವಳೊಬ್ಬಳೇ.

2020ರಲ್ಲಿ ದೊಡ್ಡ ಲೀಗಿನವರು, 1920ರಿಂದ 1948ರವರೆಗಿನ ಕರಿಯರ ಲೀಗುಗಳೂ ದೊಡ್ಡ ಲೀಗುಗಳೇ ಎಂದು ಒಪ್ಪಿದರು. 2024ರಲ್ಲಿ ಲೆಕ್ಕದ ಪುಸ್ತಕ ತಿದ್ದಿದರು. ಜೋಶ್ ಗಿಬ್ಸನ್‌ನ .372 ಈಗ ದಾಂಡಿಗರ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ. ಸತ್ತು 77 ವರ್ಷವಾಗಿತ್ತು.

ಬೇಸ್‌ಬಾಲಿನ ಬಗ್ಗೆ ನನಗೆ ನಿಜ ಅನ್ನಿಸಿದ ಸಿನಿಮಾದಲ್ಲಿ ಆಟವೇ ಇಲ್ಲ. ಅದು ‘ಫೆನ್ಸಸ್’, ಅಂದರೆ ಬೇಲಿಗಳು. ಆಗಸ್ಟ್ ವಿಲ್ಸನ್ ಬರೆದ ನಾಟಕ. 1987ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಅದರ ನಾಯಕ ಟ್ರಾಯ್ ಆಗಿದ್ದವನೂ ಅದೇ ಜೋನ್ಸ್. 2016ರಲ್ಲಿ ಡೆಂಜೆಲ್ ವಾಷಿಂಗ್ಟನ್ ಸಿನಿಮಾ ಮಾಡಿ ತಾನೇ ಟ್ರಾಯ್ ಆದ. ಟ್ರಾಯ್ 1957ರ ಪಿಟ್ಸ್‌ಬರ್ಗಿನಲ್ಲಿ ಕಸ ಎತ್ತುವವನು. ಒಂದು ಕಾಲಕ್ಕೆ ಕರಿಯರ ಲೀಗಿನ ದಾಂಡಿಗ. ಬಾಗಿಲು ತೆರೆಯುವ ಹೊತ್ತಿಗೆ ನಿನಗೆ ವಯಸ್ಸಾಗಿತ್ತು ಅಂತ ಹೆಂಡತಿ ರೋಸ್ ಹೇಳಿದರೆ ಒಪ್ಪುವುದಿಲ್ಲ. ರಾಬಿನ್ಸನ್‌ಗಿಂತ ಚೆನ್ನಾಗಿ ಆಡುತ್ತಿದ್ದ ನೂರು ಜನರನ್ನು ನಾನು ಬಲ್ಲೆ ಅಂತ ಸಿಡುಕುತ್ತಾನೆ. ಲಾರಿ ಓಡಿಸುವವರೆಲ್ಲ ಬಿಳಿಯರು, ಕಸ ಎತ್ತುವವರೆಲ್ಲ ಕರಿಯರು ಯಾಕೆ ಅಂತ ಕೇಳಿ, ಜಗಳವಾಡಿ ಡ್ರೈವರ್ ಆಗುತ್ತಾನೆ. ಒಳ್ಳೆಯವನಲ್ಲ. ಹೆಂಡತಿಗೆ ಮೋಸ ಮಾಡುತ್ತಾನೆ. ಮಗನಿಗೆ ಕಾಲೇಜಿನ ಫುಟ್‌ಬಾಲ್ ಅವಕಾಶ ಬಂದರೆ ತಾನೇ ಹಾಳು ಮಾಡುತ್ತಾನೆ, ನನ್ನನ್ನು ಬಿಡದವರು ನಿನ್ನನ್ನು ಬಿಟ್ಟಾರೆಯೇ ಅಂತ. ತನ್ನನ್ನು ಹೊರಗಿಟ್ಟ ಬೇಲಿಯನ್ನೇ ಮಗನ ಸುತ್ತ ಹಾಕುವ ಅಪ್ಪಂದಿರು ನಮ್ಮ ಕೇರಿಗಳಲ್ಲೂ ಇದ್ದರು. ಶಾಲೆಯ ಚೀಲ ಕಿತ್ತು ಕುರಿಯ ಹಿಂದೆ ಅಟ್ಟಿದವರನ್ನು ನಾನೂ ಕಂಡಿದ್ದೇನೆ. ಅವರ ಮೇಲೆ ಸಿಟ್ಟು ಬರುತ್ತದೆ, ಪೂರಾ ಬರುವುದಿಲ್ಲ.

ಟ್ರಾಯ್‌ನ ಹಿತ್ತಲಲ್ಲಿ ಮರವೊಂದಿದೆ. ಅದಕ್ಕೆ ಹಗ್ಗ ಕಟ್ಟಿ ಚಿಂದಿಬಟ್ಟೆಯ ಚೆಂಡು ನೇತುಹಾಕಿದ್ದಾನೆ. ಪಕ್ಕದಲ್ಲಿ ಹಳೇ ದಾಂಡು. 1965ರಲ್ಲಿ, ಮಣ್ಣು ಮಾಡುವ ದಿನ ಮನೆಗೆ ಬಂದ ಮಗನಿಗೆ ರೋಸ್ ಹೇಳುತ್ತಾಳೆ, ಅಪ್ಪ ಇಲ್ಲೇ ನಿಂತು ದಾಂಡು ಬೀಸುತ್ತಿದ್ದ, ಬೀಸಿದವನು ಹಾಗೆಯೇ ಬಿದ್ದ ಅಂತ. ಚೆಂಡು ಇನ್ನೂ ಮರದಲ್ಲೇ ನೇತಾಡುತ್ತಿರುತ್ತದೆ.