108 ಮೆಗಾಪಿಕ್ಸೆಲ್ ಫೋನ್ ಇರುವಾಗ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್ ಕೊಳ್ಳುವುದು ದಂಡವೇ?

"ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಫೋಟೋ ಚೆನ್ನ." ವಾಟ್ಸಾಪ್ ಗುಂಪುಗಳಲ್ಲೂ ಅಂಗಡಿ ಕೌಂಟರಿನಲ್ಲೂ ಆಗಾಗ ಕೇಳಿಬರುವ ಮಾತಿದು. ಇದನ್ನು ನಂಬಿ ಮೊದಲ ಕ್ಯಾಮೆರಾ ಕೊಳ್ಳುವವರು ಕೂಡಿಟ್ಟ ಹಣವನ್ನೆಲ್ಲ ಹೊಸ ಮಾಡೆಲ್ ಮೇಲೆ ಸುರಿದು, ಒಳ್ಳೆಯ ಲೆನ್ಸ್ ಕೊಳ್ಳಲು ಕೈಯಲ್ಲಿ ಏನೂ ಉಳಿಸಿಕೊಳ್ಳುವುದಿಲ್ಲ. ಹಾಗಾದರೆ ನಿಜವಾಗಿ ನೋಡಬೇಕಾದದ್ದೇನು?

ನಂಬಿಕೆ 1: ಮೆಗಾಪಿಕ್ಸೆಲ್ಲೇ ಎಲ್ಲ

ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿರುವ ಚುಕ್ಕಿಗಳ ಲೆಕ್ಕ, ಅಷ್ಟೇ. 1 ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಟಿವಿ ಪರದೆಯಲ್ಲಿ ಇರುವುದೇ ಸುಮಾರು 2 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಚಿತ್ರವನ್ನು ಸುಮಾರು 20x13 ಇಂಚಿನಷ್ಟು ದೊಡ್ಡದಾಗಿ ಸ್ಪಷ್ಟವಾಗಿ ಪ್ರಿಂಟ್ ಹಾಕಿಸಬಹುದು. ಇನ್ನು 108 ಮೆಗಾಪಿಕ್ಸೆಲ್ ಫೋನ್‌ಗಳು ಸಾಮಾನ್ಯವಾಗಿ ಒಂಬತ್ತೊಂಬತ್ತು ಚುಕ್ಕಿಗಳನ್ನು ಒಂದಾಗಿ ಸೇರಿಸಿ, ಕೊನೆಗೆ ಕೊಡುವುದು 12 ಮೆಗಾಪಿಕ್ಸೆಲ್ ಚಿತ್ರವನ್ನೇ!

ಹೀಗೇಕೆ? ಫೋಟೋ ಎಂದರೆ ಬೆಳಕು. ಬೆಳಕನ್ನು ಹಿಡಿಯುವುದು ಸೆನ್ಸರ್. ಮಳೆಯಲ್ಲಿ ಅಗಲ ಬಾಯಿಯ ಹಂಡೆ ಇಟ್ಟರೆ ಹೆಚ್ಚು ನೀರು ಸಿಗುತ್ತದೆ. ಅದೇ ಜಾಗದಲ್ಲಿ ಹಂಡೆ ತೆಗೆದು ಹತ್ತು ಲೋಟ ಜೋಡಿಸಿಟ್ಟರೆ ನೀರೇನೂ ಹೆಚ್ಚುವುದಿಲ್ಲ. 108 ಮೆಗಾಪಿಕ್ಸೆಲ್ ಫೋನ್‌ಗಳಲ್ಲಿ ಬಳಸುವ ಒಂದು ಬಗೆಯ ಸೆನ್ಸರ್‌ನ ಅಳತೆ ಸುಮಾರು 8.4x6.3 ಮಿ.ಮೀ. ಕ್ಯಾನನ್‌ನ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿರುವುದು 22.3x14.9 ಮಿ.ಮೀ. ಅಂದರೆ ವಿಸ್ತೀರ್ಣದಲ್ಲಿ ಆರು ಪಟ್ಟು ದೊಡ್ಡದು.

ನಂಬಿಕೆ 2: ಡಿಎಸ್‌ಎಲ್‌ಆರ್ ಕೊಂಡರೆ ಸಾಕು, ಫೋಟೋ ತಾನಾಗಿಯೇ ಚೆನ್ನಾಗಿ ಬರುತ್ತದೆ

ಇದೂ ಪೂರ್ತಿ ನಿಜವಲ್ಲ. ರಾತ್ರಿ ಹೊತ್ತು ಫೋನ್ ಹಲವು ಚಿತ್ರಗಳನ್ನು ಸರಸರನೆ ತೆಗೆದು, ಅವನ್ನು ಸೇರಿಸಿ ಒಂದು ಚಿತ್ರ ಮಾಡುತ್ತದೆ. ಅಲುಗಾಡದ ದೃಶ್ಯವಾದರೆ ಇದು ಹೊಸಬರ ಡಿಎಸ್‌ಎಲ್‌ಆರ್ ಚಿತ್ರಕ್ಕಿಂತ ಚೆನ್ನಾಗಿ ಕಾಣಬಹುದು. ಡಿಎಸ್‌ಎಲ್‌ಆರ್‌ನ ಬಲ ಇರುವುದು ಬದಲಾಯಿಸಬಹುದಾದ ಲೆನ್ಸ್‌ನಲ್ಲಿ.

ಕ್ಯಾಮೆರಾ ಜೊತೆ ಬರುವ 18-55 ಎಂಎಂ ಕಿಟ್ ಲೆನ್ಸ್‌ನಲ್ಲಿ ಜೂಮ್ ಮಾಡಿ ದೂರದ್ದನ್ನು ಹತ್ತಿರಕ್ಕೆ ಎಳೆದಾಗ ಅದರ ಕಿಂಡಿ ಎಫ್/5.6ರಷ್ಟು ಮಾತ್ರ ತೆರೆಯುತ್ತದೆ. 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಕಿಟ್ ಲೆನ್ಸ್‌ಗೆ ಸೆಕೆಂಡಿನ 20ನೇ ಒಂದು ಭಾಗ ಬೇಕಾದರೆ, ಇದಕ್ಕೆ ಸುಮಾರು 200ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕುಣಿಯುವ ಮಗು ಮಸುಕು, ಎರಡನೆಯದರಲ್ಲಿ ಸ್ಪಷ್ಟ. ಈ ಲೆನ್ಸ್‌ನಲ್ಲಿ ಜೂಮ್ ಇಲ್ಲ. ಹತ್ತಿರ ಬೇಕೆಂದರೆ ನೀವೇ ಮುಂದೆ ಹೋಗಬೇಕು. ಆದರೆ ಕಂಪನಿಗಳ ಲೆನ್ಸ್‌ಗಳಲ್ಲಿ ಅತಿ ಅಗ್ಗದವುಗಳ ಸಾಲಿಗೆ ಇದು ಸೇರುತ್ತದೆ.

ನಂಬಿಕೆ 3: ಸೆಕೆಂಡ್ ಹ್ಯಾಂಡ್ ಎಂದರೆ ಮೋಸ

ಪರೀಕ್ಷಿಸದೆ ಕೊಂಡರೆ ಮಾತ್ರ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ ಹೊಸ ಮೌಂಟ್‌ಗಳನ್ನು ತಂದವು. ಅಂದಿನಿಂದ ಹಲವರು ಅತ್ತ ಹೋಗಿರುವುದರಿಂದ ಒಳ್ಳೆಯ ಹಳೆಯ ಡಿಎಸ್‌ಎಲ್‌ಆರ್‌ಗಳು ಮಾರಾಟಕ್ಕೆ ಬರುತ್ತಿವೆ. ಕೊಳ್ಳುವ ಮೊದಲು ಇವನ್ನು ನೋಡಿ:

• ಶಟರ್ ಕೌಂಟ್: ಕ್ಯಾಮೆರಾ ಈವರೆಗೆ ಎಷ್ಟು ಬಾರಿ ಕ್ಲಿಕ್ ಆಗಿದೆ ಎಂಬ ಲೆಕ್ಕ. ಕಾರಿನ ಕಿಲೋಮೀಟರ್ ರೀಡಿಂಗ್ ಇದ್ದಂತೆ. ನಿಕಾನ್‌ನಲ್ಲಿ ಈ ಮಾಹಿತಿ ಫೋಟೋ ಫೈಲಿನಲ್ಲೇ ದಾಖಲಾಗಿರುತ್ತದೆ.
• ಫಂಗಸ್: ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಬೇಡ. ಮಲೆನಾಡು, ಕರಾವಳಿಯ ತೇವಕ್ಕೆ ಇದು ಬೇಗ ಹಿಡಿಯುತ್ತದೆ. ಕೊಂಡ ಮೇಲೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.
• ಸೆನ್ಸರ್: ಎಫ್/16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಧೂಳು, ಕಲೆ ಇದ್ದರೆ ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ.
• ಬಿಲ್: ಅದರಲ್ಲಿರುವ ಸೀರಿಯಲ್ ನಂಬರ್ ಕ್ಯಾಮೆರಾ ಮೇಲಿನದಕ್ಕೆ ಹೊಂದಬೇಕು. ಕದ್ದ ಮಾಲಿನ ತಲೆನೋವು ತಪ್ಪುತ್ತದೆ.

ನಿಕಾನ್ ಕೊಳ್ಳುವವರಿಗೆ ಇನ್ನೊಂದು ಮಾತು. ಡಿ3500, ಡಿ5600ರಂಥ ಮಾಡೆಲ್‌ಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸ್ ಮೇಲೆ "ಎಎಫ್-ಎಸ್" ಎಂದಿದ್ದರೆ ಆಟೋಫೋಕಸ್ ಆಗುತ್ತದೆ. ಬರೀ "ಎಎಫ್" ಅಥವಾ "ಎಎಫ್-ಡಿ" ಎಂದಿದ್ದರೆ ಕೈಯಲ್ಲೇ ತಿರುಗಿಸಬೇಕು.

ಹಾಗಾದರೆ ಏನು ಮಾಡಬೇಕು?

ಬಾಡಿ ಹಳೆಯದಾದರೂ ಸರಿ, ಎಫ್/1.8 ಲೆನ್ಸ್‌ಗೆ ಹಣ ಉಳಿಸಿಕೊಳ್ಳಿ. ಬಾಡಿ ಬದಲಾಗುತ್ತದೆ, ಒಳ್ಳೆಯ ಲೆನ್ಸ್ ಉಳಿಯುತ್ತದೆ. ನಾಳೆ ಅದೇ ಕಂಪನಿಯ ಮಿರರ್‌ಲೆಸ್ ಕೊಂಡರೂ ಕ್ಯಾನನ್‌ನ ಇಎಫ್, ನಿಕಾನ್‌ನ ಎಎಫ್-ಎಸ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸಬಹುದು. ಸಾಧ್ಯವಾದರೆ ಮೊದಲು ಒಂದು ದಿನ ಬಾಡಿಗೆಗೆ ತಂದು ನೋಡಿ.

ತೆಗೆದ ಫೋಟೋಗಳೆಲ್ಲ ಸ್ಟೇಟಸ್‌ಗೆ ಮಾತ್ರ ಎಂದಾದರೆ ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ. ವಾಟ್ಸಾಪ್ ಹೇಗೂ ಅವನ್ನು ಕುಗ್ಗಿಸಿಯೇ ಕಳಿಸುತ್ತದೆ. ಅದಕ್ಕೆ ನಿಮ್ಮ ಫೋನೇ ಸಾಕು.